ನನ್ನ ಊರು ಹೇಳಿದ ತಪ್ಪು

ಫೋನಿನಲ್ಲಿ ದುಭಾಷಿ ಕೆಲಸ ಮಾಡುವಾಗ ನಾನು ಒಂದು ಕಡೆ ಕೂತವಳೇ ಅಲ್ಲ. ಸಿಡ್ನಿಯ ನಮ್ಮ ಮನೆಯಲ್ಲಿ ಅಡಿಗೆಮನೆಯಿಂದ ಗ್ಯಾರೇಜಿಗೆ, ಗ್ಯಾರೇಜಿನಿಂದ ಅಡಿಗೆಮನೆಗೆ ಓಡಾಟ. "ಅಮ್ಮಾ, ಪ್ಲೀಸ್ ಸಿಟ್ ಡೌನ್" ಅಂತ ಮಗಳು ಬೈಯೋಳು. ಹೇಗೆ ಕೂರೋದು ಹೇಳಿ? ಆ ತುದಿಯಲ್ಲಿ ಯಾರದೋ ಆಸ್ಪತ್ರೆ, ಯಾರದೋ ಕೋರ್ಟು. ನನ್ನ ಬಾಯಲ್ಲಿ ಒಂದು ಮಾತು ಆಚೀಚೆ ಆದರೆ ಅವರ ಗತಿ ಏನು?

ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿತ್ತು. ಮೆಲ್ಬರ್ನಿನಲ್ಲಿ ನಮ್ಮ ಹುಡುಗರಿಗೆ ಹೊಡೀತಾರೆ ಅಂತ ಇಂಡಿಯಾದ ಟಿವಿಗಳಲ್ಲಿ ದಿನವಿಡೀ ಅದೇ ಸುದ್ದಿ. ಒಂದು ಮಧ್ಯಾಹ್ನ ಅದೇ ಮೆಲ್ಬರ್ನಿನ ಪೊಲೀಸ್ ಸ್ಟೇಷನ್ ಒಂದರಿಂದ ಕಾನ್‌ಸ್ಟೆಬಲ್ ಒಬ್ಬ ಲೈನಿಗೆ ಬಂದ. ಊರಾಚೆ ಡ್ಯಾಂಡಿನಾಂಗ್ ಬಡಾವಣೆಯ ಗೋಡೌನಿನಲ್ಲಿ ಕೆಲಸ ಮಾಡುವ ಒಬ್ಬ ತರುಣ, ರೈಲ್ವೆ ಸ್ಟೇಷನ್ನಿನ ಮೆಟ್ಟಿಲ ಹತ್ತಿರ ಸಿಕ್ಕಿದ್ದಾನೆ, ದವಡೆ ಊದಿದೆ, ಪಕ್ಕೆಲುಬು ಮುರಿದಿದೆ. ಮೊದಲು ಹಿಂದಿ ದುಭಾಷಿಯನ್ನ ಹಿಡಿದಿದ್ದರಂತೆ. ಇವನು ಎಲ್ಲಕ್ಕೂ "ಹಾಂ ಜೀ" ಅಂದಿದ್ದಾನೆ. ಇಂಡಿಯನ್ ಅಂದರೆ ಹಿಂದಿ, ಮುಗೀತು! ಮೈ ಉರಿದುಹೋಯಿತು ನನಗೆ.

ಈ ಕಾನ್‌ಸ್ಟೆಬಲ್ ಮಾತ್ರ ಬೇರೆ ಥರದವನು. ಐರ್ಲೆಂಡಿನ ಪಶ್ಚಿಮ ತೀರದಲ್ಲಿ ಬೆಳೆದವನು, ಮನೆಮಾತು ಐರಿಷ್. ಒಮ್ಮೆ ಕಳ್ಳರು ಅವನ ಅಜ್ಜಿಯ ಮನೆ ಬೀಗ ಒಡೆದಿದ್ದರಂತೆ. ವಿಚಾರಣೆಗೆ ಬಂದ ಪೊಲೀಸಿಗೆ ಐರಿಷ್ ಬರುತ್ತಿರಲಿಲ್ಲ. ಅಜ್ಜಿ, ಕಳುವಾದದ್ದನ್ನ ಹೇಳಲು ಮಾತು ಸಾಲದೆ, ಏನೂ ಹೋಗಿಲ್ಲಪ್ಪ ಅಂತ ಹರುಕು ಇಂಗ್ಲಿಷಿನಲ್ಲಿ ಹೇಳಿ ಬಾಗಿಲು ಹಾಕಿಕೊಂಡಳಂತೆ. ನಮ್ಮ ಕಡೆಗೆ ನಮ್ಮ ಭಾಷೆ ಬರೋ ಪೊಲೀಸರನ್ನೇ ಕಳಿಸಿ ಅಂತ ಅಲ್ಲಿಯವರು ಇವತ್ತಿಗೂ ಕೇಳುತ್ತಲೇ ಇದ್ದಾರೆ ಅಂದ. "ಅದಕ್ಕೇ ಇವನ ಭಾಷೆ ಯಾವುದು ಅಂತ ಮೂರು ಸಲ ಕೇಳಿದೆ." ಎಲಾ ಇವನ, ಅನ್ನಿಸಿತು. ಖುಷಿಯಾಯಿತು.

ಫೋನಿನ ಸ್ಪೀಕರ್ ಹಾಕಿ ತರುಣನ ಕಡೆ ತಿರುಗಿಸಿದ. ನಾನು ನಿಯಮದಂತೆ ಒಪ್ಪಿಸಿದೆ: ನಾನು ಕನ್ನಡ ದುಭಾಷಿ, ನೀವು ಹೇಳಿದ್ದೆಲ್ಲ ಇಂಗ್ಲಿಷಿಗೆ ಹೋಗುತ್ತೆ, ಹೊರಗೆ ಎಲ್ಲೂ ಹೋಗಲ್ಲ.

"ಅಯ್ಯ, ಕನ್ನಡದಾಗs ಮಾತಾಡ್ತೀರಲ್ರಿ!" ಅಂದ. ಧ್ವನಿಯಲ್ಲಿ ಅಳುವಿತ್ತು. "ಮೂರು ಮಂದಿ ಇದ್ರು ನೋಡ್ರಿ..." ಅಂದವನು ಅಲ್ಲಿಗೇ ನಿಲ್ಲಿಸಿದ. "ಅಲ್ರೀ ಅಕ್ಕಾರ, ನಿಮ್ಮದು ಯಾವೂರು?"

ನಮ್ಮವರ ಹಣೆಬರಹವೇ ಇದು. ಪಕ್ಕೆಲುಬು ಮುರಿದಿರಲಿ, ಮನೆಗೆ ಬೆಂಕಿ ಬಿದ್ದಿರಲಿ, ಯಾವೂರು ಅಂತ ಗೊತ್ತಾಗದೆ ಮಾತು ಮುಂದಕ್ಕೆ ಹೋಗಲ್ಲ. ದುಭಾಷಿ ತನ್ನ ಹೆಸರು, ಊರು ಏನೂ ಹೇಳಬಾರದು. ಹೇಳುವ ಹಾಗಿಲ್ಲ ಅಂದೆ. ಅವನು ಬಿಡದೆ ಮತ್ತೆ ಅದನ್ನೇ ಕೇಳಿದ. ಮೂರು ಮಂದಿ ಇದ್ದರು ಅಂದದ್ದನ್ನ, ಊರು ಕೇಳಿದ್ದನ್ನ ಎರಡನ್ನೂ ಕಾನ್‌ಸ್ಟೆಬಲ್‌ಗೆ ತಿಳಿಸಿದೆ. ಆತ ನಕ್ಕುಬಿಟ್ಟ. "ನಮ್ಮಲ್ಲೂ ಯಾರ ಮಗ ಅಂತ ಗೊತ್ತಾಗದೆ ಯಾರೂ ಬಾಯಿ ಬಿಡಲ್ಲ. ನಿಮಗೆ ಅಡ್ಡಿ ಇಲ್ಲದಿದ್ದರೆ ಹೇಳಿಬಿಡಿ."

ಮಾತಿನ ಧಾಟಿಯಲ್ಲೇ ಅವನು ನಮ್ಮ ಹಾವೇರಿ ಕಡೆಯವನು ಅಂತ ಗೊತ್ತಾಗಿತ್ತು. ಇಪ್ಪತ್ತು ವರ್ಷದಿಂದ ಇಲ್ಲಿಯ ಕನ್ನಡಿಗರ ಜೊತೆ ಬೆಂಗಳೂರು ಕನ್ನಡ ಮಾತಾಡಿ ಮಾತಾಡಿ ನನ್ನ ನಾಲಿಗೆಗೂ ನಮ್ಮ ಕಡೆ ಮಾತಿನ ಆಸೆಯಾಗಿತ್ತೇನೋ. "ನಂದು ಬ್ಯಾಡಗಿ ಪಾ" ಅಂದುಬಿಟ್ಟೆ.

"ನಮ್ಮ ಅಕ್ಕನ್ನ ಬ್ಯಾಡಗಿಗೇ ಕೊಟ್ಟೇವ್ರಿ" ಅಂದ. ಧ್ವನಿಯೇ ಬದಲಾಗಿತ್ತು. "ನಾ ಬಿದ್ದೀನ್ರಿ. ಮೆಟ್ಟಿಲ ಮ್ಯಾಲ ಕಾಲು ಜಾರಿತು ಅಂತ ಬರಸ್ರಿ."

ಸುದ್ದಿ ಊರು ಮುಟ್ಟೀತು ಅಂತ ಹೆದರಿದ್ದಾನೆ, ಗೊತ್ತಾಯಿತು. ಇದು ಹೊರಗೆ ಹೋಗಲ್ಲ ಅಂತ ಮತ್ತೆ ಹೇಳಿದೆ. ಯಾರು ನಂಬ್ತಾರೆ? ನಾನಾಗಿದ್ದರೂ ನಂಬುತ್ತಿರಲಿಲ್ಲ. ಅವನು ಹೇಳಿದ್ದನ್ನ ಇಂಗ್ಲಿಷಿಗೆ ತಂದೆ. ಕಾನ್‌ಸ್ಟೆಬಲ್‌ನ ನಗು ನಿಂತಿತ್ತು. "ಮೂವರು ಇದ್ದರು ಅಂದನಲ್ಲ, ಅವರು ಯಾರು ಕೇಳಿ."

ಕೇಳಿದೆ. ಗ್ಯಾರೇಜಿನ ತಣ್ಣನೆ ನೆಲದ ಮೇಲೆ ಬರಿಗಾಲಲ್ಲಿ ಸುತ್ತು ಹೊಡೆಯುತ್ತಾ, ದಮ್ಮಯ್ಯ, ಹೇಳಿಬಿಡೋ ಅಂತ ಮನಸ್ಸಲ್ಲೇ ಗೋಗರೆದೆ.

"ಅವರs... ನಾ ಬಿದ್ದಾಗ ಎತ್ತಿ ಕುಂದ್ರಿಸಿದ್ರು" ಅಂದ. ಆಮೇಲೆ ದನಿ ತಗ್ಗಿಸಿ, "ಅಕ್ಕಾರ, ಕೈ ಮುಗೀತೀನಿ, ಊರಾಗ ಯಾರ ಮುಂದೂ ಹೇಳಬ್ಯಾಡ್ರಿ. ಟಿವಿ ನೋಡಿ ನೋಡಿ ಅವ್ವ ಊಟಾನs ಬಿಟ್ಟಾಳ. ನಂಗೇನೂ ಆಗಿಲ್ಲ ಅಂತ ದಿನಾ ಆಣೆ ಮಾಡೀನಿ."

ಇದನ್ನೂ ಇಂಗ್ಲಿಷಿಗೆ ತರಬೇಕಿತ್ತು. ಕಿವಿಗೆ ಬಿದ್ದದ್ದೆಲ್ಲ ತರಬೇಕು, ಅದೇ ನನ್ನ ಕೆಲಸ. ತಂದಿದ್ದರೆ ಕಾನ್‌ಸ್ಟೆಬಲ್‌ಗೆ ಆ ಕ್ಷಣಕ್ಕೇ ಎಲ್ಲ ತಿಳಿಯುತ್ತಿತ್ತು. ಆತ ಕಾಯುತ್ತಿದ್ದ. ಇಷ್ಟು ಉದ್ದ ಮಾತಾಡಿದನಲ್ಲ, ಏನಂದ ಅಂತ ಕೇಳಿದ.

"ಬಿದ್ದಾಗ ಎತ್ತಿ ಕೂರಿಸಿದ ಆ ಮೂವರಿಗೆ ಥ್ಯಾಂಕ್ಸ್ ಹೇಳಬೇಕಂತೆ" ಅಂದೆ.