ಬಿಸಿಲಿಗಿಟ್ಟ ಸೆಲ್ಲು

ಸಿಂದಗಿಯ ಸೋಮನಿಂಗ ಮಾಸ್ತರರು ಇಂಜಿನಿಯರಿಂಗ್‌ಗೆ ಹೊಸದಾಗಿ ಸೇರಿದ ಹುಡುಗರಿಗೆ ರಜೆಯಲ್ಲಿ ತಮ್ಮ ಮನೆಯ ಕಟ್ಟೆಯ ಮೇಲೆ ವಿದ್ಯುತ್ತಿನ ಪಾಠ ಹೇಳುತ್ತಾರೆ. ಹೇಳುವಾಗ ಈ ತಾಲೂಕಿಗೆ ಕರೆಂಟು ತಂದವರೇ ತಾವೆಂಬಂತೆ ಕೆಮ್ಮುತ್ತಾರೆ. ಚಹಾದಂಗಡಿಯ ಬಲ್ಬು ಮಂಕಾದರೆ ಕಪ್ಪು ಕೆಳಗಿಟ್ಟು ವೈರಿನ ರೆಸಿಸ್ಟನ್ಸ್ ವಿವರಿಸುತ್ತಾರೆ. “ಪುಸ್ತಕದಾಗಿನ ಬ್ಯಾಟರಿ ಎಷ್ಟು ಕರೆಂಟ್ ಎಳದ್ರೂ ವೋಲ್ಟೇಜ್ ಇಳಿಸೂದಿಲ್ಲ. ಬಜಾರದ ಬ್ಯಾಟರಿಗೆ ಹೊಟ್ಟಿಯೊಳಗ ರೆಸಿಸ್ಟನ್ಸ್ ಇರ್ತೈತಿ, ವಯಸ್ಸಾದಂಗ ಅದು ಬೆಳೀತೈತಿ” ಎಂಬುದು ಅವರ ನಿತ್ಯದ ಮಂತ್ರ. ಸೋತ ಸೆಲ್ಲುಗಳನ್ನು ಬಿಸಿಲಿಗಿಡುವ ಊರವರನ್ನು ಕಂಡರಂತೂ, “ಸೆಲ್ಲೇನು ಹಪ್ಪಳ ಏನ್ರಿ, ಒಣಗಿಸಾಕ?” ಎಂದು ನಗುತ್ತಾರೆ. ಆದರೆ ಅವರ ತಾಯಿ, ಕಣ್ಣು ಮಂಜಾದ ಹುಚ್ಚವ್ವ, ಹೊಸ ಸೆಲ್ಲು ತಂದರೆ ದಂಡವೆಂದು ಬೈದು, ರೇಡಿಯೋದ ಹಳೆಯ ಸೆಲ್ಲುಗಳನ್ನೇ ಹಿತ್ತಲ ಕಲ್ಲಿನ ಮೇಲೆ ಒಣಗಿಸುವವಳು. ಅವಳು ಮಧ್ಯಾಹ್ನ ಮಲಗಿದಾಗ ಮಾಸ್ತರರು ಚಪ್ಪಲಿ ಕಳಚಿ, ಸದ್ದಿಲ್ಲದೆ ಹೋಗಿ, ಆ ಕಲ್ಲಿನ ಮೇಲೆ ಹೊಸ ಸೆಲ್ಲುಗಳನ್ನಿಟ್ಟು ಹಳೆಯವನ್ನು ಕಿಸೆಗೆ ಹಾಕಿಕೊಂಡು ಬರುತ್ತಾರೆ. ಸಂಜೆ ಪಾಠದ ನಡುವೆ ರೇಡಿಯೋ ಗಟ್ಟಿಯಾಗಿ ಹಾಡತೊಡಗಿದರೆ, ಹುಚ್ಚವ್ವ ಹುಡುಗರ ಮುಂದೆಯೇ ಕೇಳುತ್ತಾಳೆ: “ಏನೋ ಮಾಸ್ತರ, ನಿನ್ನ ವಿದ್ಯಾ ದೊಡ್ಡದೋ, ನನ್ನ ಬಿಸಿಲು ದೊಡ್ಡದೋ?” “ನಿನ್ನ ಬಿಸಿಲಽ ದೊಡ್ಡದು, ಯವ್ವಾ” ಎಂದು ಮಾಸ್ತರರು ತಲೆ ತಗ್ಗಿಸುತ್ತಾರೆ, ಆಮೇಲೆ ಬಾಯಿ ತೆರೆದು ಕೂತ ಹುಡುಗರತ್ತ ಬಾಗಿ, ಮೆಲ್ಲಗೆ, “ಪರೀಕ್ಷಾದಾಗ ಹಿಂಗ ಬರೀಬ್ಯಾಡ್ರಿ” ಎನ್ನುತ್ತಾರೆ.