ರ‍್ಯಾಂಕ್ ಅಂಕಲ್ ಹೊಡೆದು ಹಾಕಿದ ಸಾಲು

ಅವರ ಬಲಗೈಯ ಕಿರುಬೆರಳಿನ ಉಗುರು ಉಳಿದವುಗಳಿಗಿಂತ ಉದ್ದವಾಗಿತ್ತು, ತುದಿ ಸ್ವಲ್ಪ ಹಳದಿ. ಆ ಉಗುರನ್ನು ಕಾಗದದ ಮೇಲಿಟ್ಟು ಅಂಕಿಗಳ ಸಾಲಿನಗುಂಟ ನಿಧಾನವಾಗಿ ಕೆಳಗಿಳಿಸುತ್ತಿದ್ದರು. ಉಗುರು ಎಲ್ಲಿ ನಿಲ್ಲುತ್ತದೆಂದು ಎದುರಿಗೆ ಕೂತವರು ಬಗ್ಗಿ ನೋಡುತ್ತಿದ್ದರು. ಬಲಗೈ ಎಂದು ಬರೆದೆ, ಎಡಗೈ ಇದ್ದರೂ ಇರಬಹುದು. ಇಲ್ಲಿ ಬರೆಯುವುದರಲ್ಲಿ ಇಂಥ ತಪ್ಪು ಇನ್ನೆಷ್ಟಿವೆಯೋ ಗೊತ್ತಿಲ್ಲ. ಅವರ ವಿಷಯದಲ್ಲಿ ನಿಜವಾಗಿ ನೆನಪಿರುವುದು ಯಾವುದು, ಆಮೇಲೆ ನಾನೇ ಸೇರಿಸಿಕೊಂಡದ್ದು ಯಾವುದು ಎಂದು ಬೇರ್ಪಡಿಸಲು ಕೂತಾಗಲೆಲ್ಲ ಸೋತಿದ್ದೇನೆ.

ಭದ್ರಾವತಿಯ ಜನ್ನಾಪುರದಲ್ಲಿ ನಮ್ಮ ಮನೆಯಿಂದ ಎರಡು ಅಡ್ಡರಸ್ತೆ ದಾಟಿದರೆ ಅವರ ಅಂಗಡಿ. ಒಳಗೆ ಒಂದು ಜೆರಾಕ್ಸ್ ಯಂತ್ರ, ಎರಡು ಕಂಪ್ಯೂಟರ್. ಹೊರಗೆ ಗೋಡೆಗೆ ಆನಿಸಿದ ಒಂದು ಬೆಂಚು. ಕಾರ್ಖಾನೆಯ ಲ್ಯಾಬಿನಲ್ಲಿ ಬಹಳ ವರ್ಷ ಉಕ್ಕಿನ ತುಣುಕುಗಳನ್ನು ಪರೀಕ್ಷೆ ಮಾಡಿ, ಸ್ವಯಂ ನಿವೃತ್ತಿ ತೆಗೆದುಕೊಂಡು ಈ ಅಂಗಡಿ ಹಾಕಿದ್ದರು. ಮನೆಮಾತು ತಮಿಳು. ಕನ್ನಡ ಮಾತಾಡುವಾಗಲೂ ಅವರಿಗೆ ಪ್ರತಿ ಹುಡುಗಿ ‘ಮಾ’, ಪ್ರತಿ ಹುಡುಗ ‘ಪಾ’. ವರ್ಷದ ಹನ್ನೊಂದು ತಿಂಗಳು ಆಧಾರ್ ಕಾರ್ಡು, ಜಾತಿ ಪ್ರಮಾಣಪತ್ರ, ಕರೆಂಟ್ ಬಿಲ್ಲು ಅಂತ ಬೇಸರದಿಂದ ದಿನ ತಳ್ಳುತ್ತಿದ್ದವರು ಸಿಇಟಿ ಫಲಿತಾಂಶ ಬಂದ ಕೂಡಲೇ ಬೇರೆಯೇ ಮನುಷ್ಯರಾಗುತ್ತಿದ್ದರು. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬರುತ್ತಿದ್ದರು. ಹಿಂದಿನ ವರ್ಷಗಳಲ್ಲಿ ಯಾವ ಕಾಲೇಜಿನ ಯಾವ ಸೀಟು ಯಾವ ರ‍್ಯಾಂಕಿನವರೆಗೆ ಹೋಯಿತು ಎಂಬ ಪಟ್ಟಿಗಳನ್ನು ಪ್ರಿಂಟು ತೆಗೆದು, ಹೊಲಿಸಿ, ಕಂದು ರಟ್ಟು ಹಾಕಿಸಿ ಇಟ್ಟಿದ್ದರು. ಅವರ ಹೆಸರು ಕರೆಯುವವರನ್ನು ನಾನು ಕಂಡಿಲ್ಲ. ಇಡೀ ಜನ್ನಾಪುರಕ್ಕೆ ಅವರು ರ‍್ಯಾಂಕ್ ಅಂಕಲ್.

ಯಾವ ಕಾಲೇಜು ಮೊದಲು ಬೇಕು, ಯಾವುದು ಆಮೇಲೆ ಎಂದು ಕ್ರಮವಾಗಿ ತುಂಬುವ ಆಪ್ಷನ್ ಎಂಟ್ರಿಗೆ ಎಲ್ಲರೂ ಅವರಲ್ಲಿಗೇ ಹೋಗುತ್ತಿದ್ದರು. ಅವರದೊಂದು ಕಟ್ಟುನಿಟ್ಟು. ಅಪ್ಪ ಅಮ್ಮ ಹೊರಗಿನ ಬೆಂಚಿನ ಮೇಲೆ ಕೂರಬೇಕು. ಮಕ್ಕಳು ಕೆಟ್ಟ ಜೆರಾಕ್ಸ್ ಹಾಳೆಯ ಹಿಂಬದಿಯಲ್ಲಿ ತಮ್ಮ ಕೈಯಾರೆ ಪಟ್ಟಿ ಬರೆಯಬೇಕು. ಆಮೇಲೆಯೇ ಕಂಪ್ಯೂಟರ್. ನಮ್ಮೂರಿನ ಅಪ್ಪಂದಿರು ಪ್ರತಿ ವರ್ಷ ಮಾಡುತ್ತಿದ್ದ ತಪ್ಪು ಒಂದೇ. ಒಮ್ಮೆ ನಾನು ಪ್ರವೇಶಪತ್ರದ ಜೆರಾಕ್ಸ್ ಮಾಡಿಸಲು ನಿಂತಿದ್ದಾಗ ಒಬ್ಬರು ಬೆಂಚಿನಿಂದೆದ್ದು ಬಾಗಿಲಲ್ಲಿ ತಲೆ ತೂರಿಸಿದರು.

“ಸಾರ್, ಶಿವಮೊಗ್ಗದ್ದು ಫಸ್ಟ್ ಹಾಕ್ಬಿಡಿ. ಅದು ಗ್ಯಾರಂಟಿ. ಬೆಂಗಳೂರಿಂದು ಆಮೇಲೆ ಹಾಕಾಣ, ಸಿಕ್ಕಿದ್ರೆ ಸಿಗ್ಲಿ.”

“ಗ್ಯಾರಂಟಿದು ಫಸ್ಟ್ ಹಾಕಿದ್ರೆ ಅದನ್ನೇ ಕೊಟ್ಟು ಮುಗಿಸ್ತಾರೆ. ಕೆಳಗಿಂದು ಯಾರೂ ನೋಡಲ್ಲ.”

“ಕೈಯಲ್ಲೊಂದು ಇಟ್ಕೊಂಡು ಇನ್ನೊಂದು ಕೇಳೋದು ಅಲ್ವಾ ಸಾರ್ ಬುದ್ಧಿವಂತಿಕೆ?”

“ಮದುವೆ ಮನೆ ಪಂಕ್ತೀಲಿ ಕೂತು, ಎಲೆ ಹಾಕಿಸ್ಕೊಂಡು, ಆ ಕಡೆ ಪಂಕ್ತೀಲಿ ಹೋಳಿಗೆ ಬಡಿಸ್ತಾವ್ರೆ ಅಂತ ಎದ್ದು ಹೋಗ್ತೀರಾ? ಪರೀಕ್ಷೆ ಬರ್ದಿದ್ದು ನಿಮ್ಮ ಹುಡುಗ, ಹೆದರ್ಕೊಂಡಿರೋದು ನೀವು. ಹೋಗಿ ಟೀ ಕುಡ್ಕೊಂಡ್ ಬನ್ನಿ.”

ಆ ಅಪ್ಪ ಗೊಣಗುತ್ತಾ ಹೋದರು. ಅಂಕಲ್ ಹುಡುಗನ ಕಡೆ ತಿರುಗಿ, “ಆಸೆ ಮೇಲೆ ಬರಿ ಪಾ, ಭಯ ಕೆಳಗೆ ಬರಿ” ಅಂದರು. ಇದನ್ನು ಅವರು ಎಲ್ಲರಿಗೂ ಹೇಳುತ್ತಿದ್ದರು. ಪಟ್ಟಿ ನೋಡಿ ಅವರು ಕೊಡುತ್ತಿದ್ದ ತೀರ್ಪುಗಳೂ ಮೂರೇ: “ಬರುತ್ತೆ”, “ಬರ್ಬಹುದು”, “ಬರ್ದಿಡು, ಬರಿಯಕ್ಕೇನು.” ಮೂರನೆಯದರ ಅರ್ಥ ‘ಸಿಗುವುದಿಲ್ಲ’ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಬರೆಯಬೇಡ ಎಂದು ಅವರು ಯಾರಿಗೂ ಹೇಳಿದವರಲ್ಲ.

ನಾನು ನಮ್ಮ ಪಿಯು ಕಾಲೇಜಿಗೆ ಮೊದಲನೆಯವಳು. ನನ್ನ ಸೀಟಿನ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ತರಕಾರಿ ಗಾಡಿಯವರು ಕೂಡ “ಬೆಂಗಳೂರಿಗೆ ಯಾವಾಗಮ್ಮ?” ಎಂದು ಕೇಳುತ್ತಿದ್ದರು. ಅದೇ ಬೇಸಿಗೆಯಲ್ಲಿ, ಸಿಇಟಿ ಮುಗಿದ ಎರಡು ವಾರಕ್ಕೆ ಅಪ್ಪನಿಗೆ ಲಕ್ವ ಹೊಡೆಯಿತು. ಬಲಭಾಗ ಬಿದ್ದು ಹೋಯಿತು, ಮಾತು ನಿಂತಿತು. ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ಅಪ್ಪನನ್ನು ಮಂಚದಿಂದ ಕುರ್ಚಿಗೆ ಕೂರಿಸಲು ಇಬ್ಬರೂ ಬೇಕಿತ್ತು. ನಾನು ಊರು ಬಿಟ್ಟರೆ ಏನು ಎಂಬ ಮಾತು ನಮ್ಮ ನಡುವೆ ಬಂದದ್ದು ನನಗೆ ನೆನಪಿಲ್ಲ. ಬಂದಿರಲಿಲ್ಲವೋ, ಬಂದದ್ದನ್ನು ಮರೆತಿದ್ದೇನೋ.

ಆಪ್ಷನ್ ಎಂಟ್ರಿಯ ದಿನ ಹಾಳೆಯ ಮೇಲೆ ಮೊದಲ ಸಾಲಿನಲ್ಲಿ ಬೆಂಗಳೂರಿನ ಆ ಹಳೇ ಕಾಲೇಜು, ಎಲೆಕ್ಟ್ರಾನಿಕ್ಸ್ ಎಂದು ಬರೆದೆ. ಅದು ಸಿಗದಿದ್ದರೆ ಬೇರೆ ಊರಿಗೆ ಹೋಗುವ ಮನಸ್ಸೇ ಇರಲಿಲ್ಲ. ಎರಡನೆಯ ಸಾಲಿಗೆ ಶಿವಮೊಗ್ಗ. ಅಂಕಲ್ ಕಂದು ರಟ್ಟಿನ ಪುಸ್ತಕ ತೆರೆದು ನೋಡಿದರು, ಮುಚ್ಚಿದರು, ಮತ್ತೆ ತೆರೆದರು. “ಅಪ್ಪ ಹೇಗಿದಾರೆ ಮಾ?” ಎಂದು ಕೇಳಿದರು. ಅಥವಾ ಇದು ನಾನು ಆಮೇಲೆ ಸೇರಿಸಿಕೊಂಡದ್ದು. ಮುಂದಿನದು ಮಾತ್ರ ನಿಜ. ಪೆನ್ನು ತೆಗೆದುಕೊಂಡು ನನ್ನ ಮೊದಲ ಸಾಲನ್ನು ಹೊಡೆದು ಹಾಕಿದರು.

“ಇದು ಬೇಡ ಮಾ. ಬರಲ್ಲ.”

“ಬರ್ದಿಡು, ಬರಿಯಕ್ಕೇನು ಅಂತೀರಲ್ಲ ಅಂಕಲ್ ಎಲ್ರಿಗೂ.”

“ಎಲ್ರಿಗೂ ಹೇಳ್ತೀನಿ. ನಿನಗೆ ಇದು ಹೇಳ್ತಿದೀನಿ.”

ನಾನು ಜಗಳವಾಡಲಿಲ್ಲ. ಅವರ ಲೆಕ್ಕ ತಪ್ಪಿದ್ದನ್ನು ಯಾರೂ ಕೇಳಿರಲಿಲ್ಲ. ಹೊರಗೆ ಬಂದಾಗ ನನಗೆ ಅಳು ಬಂದಿತ್ತು ಎಂದು ಬಹಳ ಕಾಲ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಈಗ ಕೂತು ಯೋಚಿಸಿದರೆ, ಆ ಗಳಿಗೆಯಲ್ಲಿ ಎಲ್ಲೋ ಒಂದು ಕಡೆ ಹಗುರವೂ ಆಗಿತ್ತೇ ಎಂಬ ಅನುಮಾನ. ಹೋಗುವೆನೆಂದು ಅಮ್ಮನಿಗೆ ಹೇಳುವ ಕೆಲಸವೂ ತಪ್ಪಿತು, ಹೋಗುವುದಿಲ್ಲವೆಂದು ನನಗೇ ಹೇಳಿಕೊಳ್ಳುವ ಕೆಲಸವೂ ತಪ್ಪಿತು.

ಶಿವಮೊಗ್ಗದಲ್ಲಿ ಸೀಟು ಸಿಕ್ಕಿತು. ನಾಲ್ಕು ವರ್ಷ ಬಸ್ಸಿನಲ್ಲಿ ಓಡಾಡಿದೆ. ಬೆಳಿಗ್ಗೆ ಅಪ್ಪನಿಗೆ ಸ್ನಾನ ಮಾಡಿಸಲು ಅಮ್ಮನಿಗೆ ಕೈ ಹಚ್ಚಿ ಹೊರಡುತ್ತಿದ್ದೆ. ಸಂಜೆ ಪೇಪರಿನ ದಪ್ಪ ಅಕ್ಷರಗಳನ್ನು ಅಪ್ಪನಿಂದ ಓದಿಸುತ್ತಿದ್ದೆ. ಮೊದಲು ‘ಮ’ ಅನ್ನುವುದಕ್ಕೇ ಬೆವರುತ್ತಿದ್ದರು. ಎರಡನೆಯ ವರ್ಷದ ಕೊನೆಗೆ ಇಡೀ ಸಾಲು ಓದಿ, “ಎಲ್ಲಾ ಸುಳ್ಳು” ಎಂದು ಪೇಪರು ಎಸೆದರು. ಅಮ್ಮ ಒಳಗಿನಿಂದ ಓಡಿ ಬಂದು ನಕ್ಕಳು. ಮೂರನೆಯ ವರ್ಷ ಅಪ್ಪ ಹೋದರು.

ನಾನು ಸೀಟು ಪಡೆದ ವರ್ಷದ ರ‍್ಯಾಂಕುಗಳ ಪಟ್ಟಿ ನನ್ನ ಕಣ್ಣಿಗೆ ಬಿದ್ದದ್ದು ಇದಕ್ಕೆಲ್ಲ ಮೊದಲೇ, ಕಾಲೇಜು ಸೇರಿದ ಮರುವರ್ಷ. ಚಿಕ್ಕಮ್ಮನ ಮಗಳನ್ನು ಅಂಕಲ್ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವಳು ತನ್ನ ಪಟ್ಟಿ ಬರೆಯುತ್ತಿದ್ದಾಗ ಹೊಸದಾಗಿ ರಟ್ಟು ಹಾಕಿಸಿದ್ದ ಹಿಂದಿನ ವರ್ಷದ ಪುಸ್ತಕವನ್ನು ಸುಮ್ಮನೆ ತೆರೆದೆ. ಬೆಂಗಳೂರಿನ ಆ ಕಾಲೇಜು, ಆ ಬ್ರಾಂಚು, ನಮ್ಮ ಕೆಟಗರಿ. ಸೀಟು ನನಗಿಂತ ಹಿಂದಿನ ರ‍್ಯಾಂಕಿನವರಿಗೂ ಸಿಕ್ಕಿತ್ತು.

“ಅಂಕಲ್, ನನಗೆ ಸಿಗ್ತಿತ್ತಲ್ಲ.”

ಅವರು ಪುಸ್ತಕ ತಿರುಗಿಸಿಕೊಂಡು ನೋಡಿದರು. ಗೊತ್ತಿಲ್ಲದವರ ಹಾಗೆ ನೋಡಲಿಲ್ಲ. “ಅದರ ಹಿಂದಿನ ವರ್ಷದ ಲೆಕ್ಕದಲ್ಲಿ ಸಿಗ್ತಿರ್ಲಿಲ್ಲ ಮಾ. ಹೀಗೆ ಕೆಳಗೆ ಇಳಿಯುತ್ತೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?”

“ಬರಿಯಕ್ಕಾದ್ರೂ ಬಿಡ್ಬಹುದಿತ್ತು.”

“ಬಿಡ್ಬಹುದಿತ್ತು.” ಪುಸ್ತಕ ಮುಚ್ಚಿ, “ತಪ್ಪು ನಂದೇ ಅಂತ ಇಟ್ಕೋ” ಅಂದರು.

ತಪ್ಪು ನಂದು ಅನ್ನಲಿಲ್ಲ, ನಂದು ಅಂತ ಇಟ್ಕೋ ಅಂದರು. ಆ ಮಾತನ್ನು ಬಸ್ಸಿನಲ್ಲಿ ಎಷ್ಟು ಸಲ ಮಗುಚಿ ಹಾಕಿದ್ದೇನೆ. ಎರಡು ವರ್ಷ ಆ ಅಂಗಡಿಯ ಮುಂದೆ ಹಾಯಲಿಲ್ಲ, ಜೆರಾಕ್ಸಿಗೆ ಹಳೇನಗರದವರೆಗೆ ನಡೆದೆ. ಅಪ್ಪ ತೀರಿಕೊಂಡ ದಿನ ಅಂಗಡಿ ಮುಚ್ಚಿ ಬಂದವರಲ್ಲಿ ಅವರು ಮೊದಲಿಗರು. ಶಾಮಿಯಾನ, ಕುರ್ಚಿ, ನೀರಿನ ಕ್ಯಾನು ಎಲ್ಲ ನೋಡಿಕೊಂಡು ಹೋದರು. ಆಮೇಲೆ ಮತ್ತೆ ಹೋಗತೊಡಗಿದೆ. ನನಗೆ ಕಾಲೇಜಿನಲ್ಲಿ ಕೆಲಸ ಸಿಕ್ಕಾಗ “ಲೆಕ್ಚರರ್ ಮೇಡಂ, ನಮ್ಮಂಥೋರಿಗೆ ಅಟೆಸ್ಟ್ ಮಾಡ್ತೀರಾ?” ಎಂದು ರೇಗಿಸಿದರು. ನಗುವಾಗಲೂ ಒಳಗೆ, ಆ ಸಾಲನ್ನು ಬೇಕೆಂದೇ ಹೊಡೆದಿರಾ ಎಂದು ಕೇಳಬೇಕೆನ್ನಿಸುತ್ತಿತ್ತು. ಕೇಳಲಿಲ್ಲ.

ಈಗ ಶಿವಮೊಗ್ಗದಲ್ಲಿ ರಾಗಿಗುಡ್ಡದ ಹತ್ತಿರ ಮನೆ ಮಾಡಿದ್ದೇನೆ, ಅಮ್ಮ ಜತೆಗಿದ್ದಾಳೆ. ಜೂನಿನಲ್ಲಿ ಅಕ್ಕಪಕ್ಕದ ಮಕ್ಕಳು ರ‍್ಯಾಂಕು ಹಿಡಿದು ನನ್ನ ಬಳಿಗೇ ಬರುತ್ತಾರೆ. ಅವರ ಅಪ್ಪಂದಿರನ್ನು ಹೊರಗೆ ಕೂರಿಸಿ, ಅಂಕಲ್ ಹೇಳುತ್ತಿದ್ದುದನ್ನೇ ಹೇಳುತ್ತೇನೆ. ಹೇಳುವಾಗ, ನನ್ನನ್ನು ಬಿಟ್ಟು ಎಲ್ಲರಿಗೂ ನಿಜವಾಗಿದ್ದ ಮಾತಿದು ಅನ್ನಿಸುತ್ತದೆ. ಅಪ್ಪನ ಜತೆಗಿನ ಆ ಸಂಜೆಗಳನ್ನು ಕೊಟ್ಟವರು ಅವರೇ ಎಂದುಕೊಂಡರೆ ಋಣ. ನನ್ನನ್ನು ಕೇಳದೆ ಕೊಟ್ಟರಲ್ಲ ಎಂದುಕೊಂಡರೆ ಸಿಟ್ಟು. ಬರೀ ಲೆಕ್ಕ ತಪ್ಪಿದ್ದಾದರೆ ಎರಡೂ ಅಲ್ಲ.

ಅವರು ಕಳೆದ ವರ್ಷ ತೀರಿಕೊಂಡರು. ಹನ್ನೆರಡು ದಿನ ಕಳೆದ ಮೇಲೆ ಜನ್ನಾಪುರಕ್ಕೆ ಹೋಗಿ ಅವರ ಹೆಂಡತಿಯನ್ನು ಮಾತಾಡಿಸಿದೆ. ಕಾಫಿ ಕೊಟ್ಟು ಅವರೇ ವಿಷಯ ತೆಗೆದರು.

“ನಿನ್ನ ಬಗ್ಗೆ ಆಗಾಗ ಹೇಳೋರು ಮಾ. ‘ಅವಳೊಬ್ಬಳದು ನಾನೇ ಕೈಯಾರೆ ಹೊಡೆದೆ’ ಅಂತ.”

“ಯಾಕೆ ಅಂತ ಹೇಳಿದ್ರಾ ಆಂಟಿ?”

“ನಾನು ಕೇಳ್ಲಿಲ್ಲ. ಅವತ್ತು ಬೆಳಿಗ್ಗೆ ನಿಮ್ಮಮ್ಮ ಬಂದು ಮಾತಾಡಿ ಹೋಗಿದ್ರಲ್ಲ, ಅದಕ್ಕೇ ಇರ್ಬೇಕು ಅನ್ಕೊಂಡೆ.” ನನ್ನ ಮುಖ ನೋಡಿ ಲೋಟ ಕೆಳಗಿಟ್ಟರು. “ಅವತ್ತೋ, ಅಪ್ಪನ ಆಸ್ಪತ್ರೆ ಕಾಗದ ಜೆರಾಕ್ಸ್ ಮಾಡ್ಸಕ್ಕೆ ಬಂದ ದಿನವೋ. ಈಗ ಸರಿಯಾಗಿ ನೆನಪಿಲ್ಲ ಮಾ. ಇದನ್ನೆಲ್ಲ ಮನಸ್ಸಿಗೆ ಹಚ್ಕೋಬೇಡ.”

ಮನೆಗೆ ಬಂದಾಗ ಅಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದಳು. ಆಪ್ಷನ್ ತುಂಬಲು ಹೋದ ದಿನ ಬೆಳಿಗ್ಗೆ ನೀನು ಅಂಕಲ್ ಹತ್ತಿರ ಹೋಗಿದ್ದೆಯಾ ಎಂದು ಕೇಳಿದೆ.

“ಯಾವ ಕಾಲದ್ದು ಮಾರಾಯ್ತಿ ಅದು,” ಅಂದಳು. ಮಡಚಿದ ಸೀರೆಯನ್ನು ಬಿಡಿಸಿ ಮತ್ತೆ ಮಡಚಿದಳು. “ಪಾಪ, ಒಳ್ಳೆ ಮನುಷ್ಯ. ನಿಂಗೆ ಊಟಕ್ಕೆ ಹಾಕ್ಲಾ?”

ಬೇಡ ಅಂದೆ. ಅವಳ ಎದುರು ಕೂತೆ. ಬೇರೆ ಥರ ಕೇಳಿದರೆ ಹೇಳಬಹುದೇನೋ ಎಂದು ಇನ್ನೊಂದು ಸಲ ಕೇಳಿದೆ.

“ಹೋಗಿದ್ದು ತಪ್ಪು ಅಂತಿಲ್ಲಮ್ಮ. ಅವ್ರನ್ನ ಕೇಳೋ ಬದ್ಲು ನನ್ನನ್ನೇ ಯಾಕೆ ಕೇಳ್ಲಿಲ್ಲ? ಕೇಳಿದ್ರೆ ನಾನು ಉಳ್ಕೊಳ್ತಿರ್ಲಿಲ್ಲ ಅನ್ಕೊಂಡಿದ್ಯಾ?”