ಆಯಾ ಹುಡುಕಿದರೆ ಸಿಕ್ಕವರು ಸಿದ್ರಾಮಪ್ಪ

ಅತ್ತೆಯ ಫೋನು ಬಂದಾಗ ನಾನು ಮೂರನೇ ತರಗತಿಗೆ ಒತ್ತಕ್ಷರ ಹೇಳಿಕೊಡುತ್ತಿದ್ದೆ.

"ಸಿದ್ರಾಮಪ್ಪ ಪಿಲ್ಲೂನ ಎತ್ಕೊಂಡು ಹೊರಗ ಹೋದಾಂವ ಇನ್ನಾ ಬಂದಿಲ್ಲವಾ. ತಾಸಿನ ಮ್ಯಾಲ ಆತು. ಫೋನೂ ಎತ್ತವಲ್ಲ."

ಪಿಲ್ಲು ನನ್ನ ಒಂಬತ್ತು ತಿಂಗಳ ಮಗಳು. ಸಿದ್ರಾಮಪ್ಪ ಅವಳ ಆಯಾ. (ಹೌದು, ಗಂಡಸು. ವಯಸ್ಸು ಅರವತ್ತು ದಾಟಿದೆ. ಧೋತರ, ಬಿಳಿ ಟೋಪಿ. ಹೇಳುತ್ತೇನೆ, ತಾಳಿ.) ನಮ್ಮ ಮನೆ ಸೊಲ್ಲಾಪುರದಲ್ಲಿ. ನಾನಿದ್ದದ್ದು ಅಕ್ಕಲಕೋಟದ ಕನ್ನಡ ಸಾಲೆಯಲ್ಲಿ. ನಡುವೆ ಒಂದು ತಾಸಿನ ಬಸ್ಸು.

ಕೈಯಲ್ಲಿದ್ದ ಚಾಕ್‌ಪೀಸ್ ಮೇಜಿನ ಮೇಲಿಟ್ಟು ಹೆಡ್‌ಮಾಸ್ತರರ ಕೋಣೆಗೆ ಹೋದೆ. ಹೆಡ್‌ಮಾಸ್ತರರು ನನ್ನ ಮುಖ ನೋಡಿ, "ಏನೂ ಹೇಳಬ್ಯಾಡ್ರಿ, ಮೊದಲ ಹೋಗ್ರಿ" ಅಂದರು. ಓಡಿದೆ.

ಬಸ್ಸು ಹೊರಡುವವರೆಗೆ ನಿಮಗೆ ಹಿಂದಿನ ಕಥೆ ಹೇಳಿಬಿಡುತ್ತೇನೆ.

ಹೆರಿಗೆ ರಜೆ ಮುಗಿಯುವ ಹೊತ್ತಿಗೆ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಮಾತು. ಪಿಲ್ಲೂನ ಯಾರು ನೋಡಿಕೊಳ್ಳುವುದು? ಅತ್ತೆಗೆ ಪ್ರೀತಿ ಬೇಕಾದಷ್ಟಿದೆ, ಮೊಣಕಾಲು ಇಲ್ಲ. ಕೂತಲ್ಲಿಂದ ಏಳಲು ಗೋಡೆ ಹಿಡಿಯಬೇಕು. ತೆವಳಲು ಕಲಿತ ಕೂಸು ಗೋಡೆ ಹಿಡಿಯುವವರೆಗೆ ಕಾಯುತ್ತದೆಯೇ? ನಮ್ಮ ಯಜಮಾನರದು ಟವೆಲ್ ಅಂಗಡಿ. ಬೆಳಿಗ್ಗೆ ಶಟರ್ ಎತ್ತಿದರೆ ರಾತ್ರಿಯವರೆಗೆ ಅಲ್ಲೇ.

ಆಯಾ ಕಳಿಸುವ ಏಜೆನ್ಸಿಯೊಂದಕ್ಕೆ ಫೋನು ಮಾಡಿದೆ. ಆ ಕಡೆಯ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ವಿವರಿಸಿದಳು. ಎಂಟು ತಾಸಿನ ಡ್ಯೂಟಿ, ಎರಡು ಸಲ ಚಹಾ, ಒಂದು ಊಟ, ರವಿವಾರ ಸೂಟಿ. ಪಗಾರ? ನನ್ನ ಪಗಾರಕ್ಕಿಂತ ಎರಡು ಸಾವಿರ ಕಡಿಮೆ. ಅಂದರೆ ನಾನು ತಿಂಗಳಿಡೀ ಸಾಲೆಗೆ ಹೋಗುವುದು ಬಸ್ ಚಾರ್ಜ್ ದುಡಿಯುವುದಕ್ಕೆ! (ಇನ್ನೂ ಕಾಯಂ ಆಗದ ಟೀಚರ್ ನಾನು. ಪಗಾರ ಎಷ್ಟೆಂದು ಕೇಳಬೇಡಿ.)

ಆಯಾ ಕೇಳಿದ್ದು ಹೆಚ್ಚೇ? ಆ ರಾತ್ರಿ ಇದನ್ನೇ ಯೋಚಿಸಿದೆ. ಇನ್ನೊಬ್ಬರ ಕೂಸನ್ನು ದಿನವಿಡೀ ಎತ್ತುವುದು, ತೊಳೆಯುವುದು, ಉಣಿಸುವುದು. ಅದೂ ತನ್ನ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬಂದು. ಹೆಚ್ಚಲ್ಲ. ಅವಳು ದುಬಾರಿ ಅಲ್ಲ, ನಾವು ಅಗ್ಗ. ನಮ್ಮಂಥ ಎಷ್ಟೋ ಮನೆಗಳ ಕಷ್ಟ ಇದೇ ಅಲ್ಲವೇ?

"ಒಂದೆರಡ ವರ್ಷ ನೌಕರಿ ಬಿಡ್ತಿಯೇನು?" ಯಜಮಾನರು ಮೆಲ್ಲಗೆ ಕೇಳಿದರು. ನಾನು ಆಚೆ ಮಗ್ಗುಲಿಗೆ ಹೊರಳಿದೆ. ಅವರು ಮತ್ತೆ ಕೇಳಲಿಲ್ಲ.

ಕೊನೆಗೆ ಹಿಂದಿನ ಗಲ್ಲಿಯ ಮಹಾದೇವಿಯಕ್ಕನನ್ನು ಕೇಳಿದೆ. ಆಕೆ ಮನೆಯಲ್ಲೇ ಬೀಡಿ ಕಟ್ಟುತ್ತಾಳೆ. ಗಲ್ಲಿಯ ಕೂಸುಗಳೆಲ್ಲ ಅವಳ ಬಾಗಿಲಲ್ಲೇ ಆಡುತ್ತವೆ. ಮೊರದ ಮೇಲಿನ ಎಲೆಯಿಂದ ಕಣ್ಣು ತೆಗೆಯದೆ ಹೇಳಿದಳು: "ಬೀಡಿ ಬಿಟ್ರ ನನ್ನ ಬೀಡಿ ಕಾರ್ಮಿಕರ ಕಾರ್ಡ್ ಹೋಗ್ತದ್ರಿ ಅಕ್ಕೋರ. ನಮ್ಮ ಮನಿಯವ್ರನ್ನ ಕಳಸ್ಲೇನು?"

ನಾನು ನಕ್ಕೆ. ಅವಳು ನಗಲಿಲ್ಲ.

"ಖರೇನ ಹೇಳಾಕತ್ತೀನ್ರಿ. ಕಾರ್ಖಾನಿ ಮಾಲಕ ನೇಯೂ ಮಾಗ ಎಲ್ಲಾ ಮಾರಿಬಿಟ್ಟ. ನಾಕ ತಿಂಗಳ ಆತು, ಮನ್ಯಾಗ ಕೂತು ನನ್ನ ತಲಿ ತಿನ್ನಾಕತ್ತಾರ. ಕೆಟ್ಟ ಚಟಾ ಒಂದೂ ಇಲ್ಲ. ಕಿವಿ ಅಷ್ಟ ಮಂದ."

ಅತ್ತೆ ಕೇಳಿ ಬೆಚ್ಚಿದರು. "ಗಂಡಸಾ? ಕೂಸು ನೋಡಾಕ?" ಎದುರು ಮನೆಯ ಮರಾಠಿ ಆಜಿಯಂತೂ ಗೇಟಿನಲ್ಲೇ ನಿಲ್ಲಿಸಿ ಕೇಳಿದಳು, "ಅಗ, ಬಾಪ್ಯಾ ಮಾಣೂಸ್ ಕಶಾಲಾ ಗ?" ಅಂದರೆ, ಗಂಡಸು ಯಾಕೆ ಬೇಕಿತ್ತೇ ನಿನಗೆ? ನಿಜ ಹೇಳುತ್ತೇನೆ, ನನಗೂ ಧೈರ್ಯವಿರಲಿಲ್ಲ. ಬೇರೆ ದಾರಿಯೂ ಇರಲಿಲ್ಲ.

ಸಿದ್ರಾಮಪ್ಪ ಬಂದರು. ನಲವತ್ತು ವರ್ಷ ಪವರ್‌ಲೂಮಿನ ಸದ್ದಿನಲ್ಲಿ ನಿಂತವರು. ಪಗಾರ ಎಷ್ಟು ಕೊಡಬೇಕು ಎಂದು ಕೇಳಿದೆ. "ಅಕ್ಕಲಕೋಟ ಕಡೆಯಾಂವ್ರಿ" ಎಂದು ಊರು ಹೇಳಿದರು. ಮತ್ತೆ ಕಿವಿಯ ಹತ್ತಿರ ಕೂಗಿ ಕೇಳಿದೆ. "ನಿಮಗ ಆಗೂದಷ್ಟ ಕೊಡ್ರಿ" ಅಂದರು. ನಮಗೆ ಆಗುವುದನ್ನೇ ಕೊಟ್ಟೆವು. ಹೆಣ್ಣುಮಗಳಾಗಿದ್ದರೆ ಅಷ್ಟಕ್ಕೆ ಬರುತ್ತಿರಲಿಲ್ಲ ಎಂಬುದು ಗೊತ್ತಿದ್ದೂ ಸುಮ್ಮನಿದ್ದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ.

ಆದರೆ ಎರಡೇ ವಾರದಲ್ಲಿ ಮನೆ ಒಂದು ಲಯಕ್ಕೆ ಬಂತು. ಕೂಸು ಅತ್ತರೆ ಅವರಿಗೆ ಕೇಳುವುದಿಲ್ಲ, ಅತ್ತೆಗೆ ಕೇಳುತ್ತದೆ. ಅತ್ತೆಗೆ ಏಳಲಾಗುವುದಿಲ್ಲ, ಕೋಲಿನಿಂದ ನೆಲ ಬಡಿಯುತ್ತಾರೆ. ನೆಲ ಅದುರಿದ್ದು ಅವರ ಅಂಗಾಲಿಗೆ ಗೊತ್ತಾಗುತ್ತದೆ, ಓಡಿ ಬಂದು ಎತ್ತಿಕೊಳ್ಳುತ್ತಾರೆ. ರವಾ ಗಂಜಿ ಕುಡಿಸುತ್ತಾರೆ. ಹರಿದ ನೂಲಿನ ಎಳೆಗೆ ಗಂಟು ಹಾಕುತ್ತಿದ್ದ ಬೆರಳುಗಳು. ಪಿಲ್ಲುವಿನ ಅಂಗಿಯ ಸಣ್ಣ ಗುಂಡಿಗಳನ್ನು ನನಗಿಂತ ಬೇಗ ಹಾಕುತ್ತವೆ.

ಎಲ್ಲವೂ ಚೆನ್ನಾಗಿತ್ತು. ಆ ಫೋನು ಬರುವವರೆಗೆ.

ಬಸ್ಸಿನಲ್ಲಿ ಕೂತು ಅವರಿಗೆ ಎಷ್ಟು ಸಲ ಫೋನು ಮಾಡಿದೆನೋ ಲೆಕ್ಕವಿಲ್ಲ. ರಿಂಗ್ ಆಗುತ್ತಿತ್ತು, ಅಷ್ಟೆ. ಯಜಮಾನರು ಅಂಗಡಿ ಮುಚ್ಚಿ ಸ್ಕೂಟರ್ ಮೇಲೆ ಹುಡುಕಲು ಹೊರಟಿದ್ದರು. ವಾಟ್ಸಾಪಿನಲ್ಲಿ ನೋಡಿದ ಮಕ್ಕಳ ಕಳ್ಳರ ವಿಡಿಯೋಗಳೆಲ್ಲ ಕಣ್ಣ ಮುಂದೆ ಬಂದವು. ಅಪರಿಚಿತ ಗಂಡಸನ್ನು ಮನೆಯೊಳಗೆ ಬಿಟ್ಟುಕೊಂಡವಳು ಯಾರು? ನಾನೇ. ಯಾಕೆ? ಅಗ್ಗಕ್ಕೆ ಸಿಕ್ಕರು ಅಂತ. ಮೂರು ತಿಂಗಳು ನನ್ನ ಮಗಳಿಗೆ ಗಂಜಿ ಕುಡಿಸಿದ ಮನುಷ್ಯ ಒಂದೇ ತಾಸಿನಲ್ಲಿ ನನ್ನ ತಲೆಯೊಳಗೆ ಕಳ್ಳನಾಗಿಬಿಟ್ಟಿದ್ದ.

ಸೊಲ್ಲಾಪುರದಲ್ಲಿ ಇಳಿದು ಆಟೋ ಹತ್ತಿದೆ. ಮನೆಗೆ ತಿರುಗುವ ಮೊದಲು ಮಗ್ಗಗಳ ಓಣಿ ಬರುತ್ತದೆ. ಅಲ್ಲಿ ಇನ್ನೂ ನಡೆಯುತ್ತಿರುವ ಒಂದು ಕಾರ್ಖಾನೆ. ಅದರ ಎದುರು ಬೇವಿನ ಮರ, ಮರಕ್ಕೊಂದು ಕಲ್ಲಿನ ಕಟ್ಟೆ. ಕಟ್ಟೆಯ ಮೇಲೆ ಸಿದ್ರಾಮಪ್ಪ ಕೂತಿದ್ದರು. ತೊಡೆಯ ಮೇಲೆ ಪಿಲ್ಲು. ಅವಳ ಮುಖಕ್ಕೆ ಬಿಸಿಲು ಬೀಳದಂತೆ ಟೋಪಿ ತೆಗೆದು ಹಿಡಿದಿದ್ದರು.

ಆಟೋ ನಿಲ್ಲುವ ಮೊದಲೇ ಜಿಗಿದೆ. ಬಾಯಿಗೆ ಬಂದದ್ದು ಆಡಿಬಿಟ್ಟೆ.

"ಯಾರನ್ನ ಕೇಳಿ ತಂದ್ರಿ ಇಲ್ಲಿ? ಕೂಸಿನ್ನ ಕದ್ದೊಯ್ಯೂ ವಿಚಾರ ಇತ್ತೇನು?"

ಸಿದ್ರಾಮಪ್ಪ ತಲೆ ಎತ್ತಿ ನೋಡಿದರು. ಟೋಪಿ ಹಿಡಿದ ಕೈಯಿಂದಲೇ ತುಟಿಯ ಮೇಲೆ ಒಂದು ಬೆರಳಿಟ್ಟರು.

"ಸಾವಕಾಶ, ಅಕ್ಕೋರ. ಕೂಸು ಮಕ್ಕೊಂಡದ."

ಆಟೋದವನು ನನ್ನನ್ನು ನೋಡಿ, ಆಮೇಲೆ ತನ್ನ ಮೀಟರ್ ನೋಡತೊಡಗಿದ. ಅವನಿಗೆ ಕೇಳಿಸಿತ್ತು.

ಸಿದ್ರಾಮಪ್ಪ ಮೆಲ್ಲಗೆ ಹೇಳಿದರು. ಹಲ್ಲು ಬರುತ್ತಿವೆಯಲ್ಲ, ಕೂಸು ಒಂದೇ ಸಮನೆ ಅಳುತ್ತಿತ್ತು. ಗಲ್ಲಿಯ ತುದಿಯವರೆಗೆ ಹೋಗಿ ಬರುತ್ತೇನೆ ಎಂದು ಅತ್ತೆಗೆ ಹೇಳಿ ಹೊರಟಿದ್ದರು. ಗಲ್ಲಿ ಮುಗಿದರೂ ಅಳು ಮುಗಿಯಲಿಲ್ಲ.

"ಇಲ್ಲಿ ಬಂದು ಕುಂತ್ನಿ, ತಟ್ಟನ ಸುಮ್ಮಾತು ನೋಡ್ರಿ. ಮಾಗಿನ ಸಪ್ಪಳಾ ನನಗೀಗ ಕೇಳೂದಿಲ್ಲ. ಆದ್ರ ಕಟ್ಟಿ ಮ್ಯಾಲ ಕುಂತ್ರ ಕಲ್ಲು ಸಣ್ಣಗ ನಡಗತದ. ಕೂಸಿಗಿ ಅದು ಸೇರ್ತು. ಎದ್ರ ಎಚ್ಚರ ಆಗ್ತಿತ್ತು."

"ಫೋನು?" ಎಂದು ಕೈಸನ್ನೆ ಮಾಡಿದೆ.

"ಎದಿ ಕಿಸೆದಾಗ ಗುರ್ ಗುರ್ ಅಂತಿತ್ರಿ. ಒಂದ ಕೈ ಇಕಿ ತಲಿ ಕೆಳಗಿತ್ತು, ಇನ್ನೊಂದ್ರಾಗ ಟೋಪಿ ಇತ್ತು. ಹೆಂಗ ತೆಗೀಲಿ?"

ಎರಡು ತಾಸು. ಕೈ ಅಲುಗಿಸದೆ, ಕಾಲು ಚಾಚದೆ. ಏಳಲು ಹೋದರೆ ಕಾಲು ಜೋಮು ಹಿಡಿದು ನಿಲ್ಲಲಾಗಲಿಲ್ಲ. ನಾನೂ ಆಟೋದವನೂ ಸೇರಿ ಎಬ್ಬಿಸಿದೆವು. ಪಿಲ್ಲು ನನ್ನ ಹೆಗಲಿಗೆ ಬಂದರೂ ಅವಳ ಮುಷ್ಟಿ ಅವರ ಅಂಗಿಯ ತೋಳನ್ನು ಬಿಡಲಿಲ್ಲ.

ಮನೆಯಲ್ಲಿ ಅತ್ತೆ ಅವರನ್ನು ಬೈದರು, ಅತ್ತರು, ಚಹಾ ಮಾಡಿಸಿದರು. ನಾನು ಫೋನು ಮಾಡಿ ಯಜಮಾನರನ್ನು ವಾಪಸು ಕರೆಸಿದೆ. ಕಟ್ಟೆಯ ಹತ್ತಿರ ನಾನಂದದ್ದು ಅವರಿಗೆ ಕೇಳಿಸಿತ್ತಾ? ಕೇಳಿಸಿರಲಿಲ್ಲವಾ? ಅದೊಂದೇ ನನ್ನ ತಲೆಯಲ್ಲಿ.

ಸಂಜೆ ತಡೆಯಲಾಗದೆ ಮಹಾದೇವಿಯಕ್ಕನ ಮನೆಗೆ ಹೋದೆ. ಸಿದ್ರಾಮಪ್ಪ ಸಂತೆಗೆ ಹೋಗಿದ್ದರು. ಆಕೆ ನಗುತ್ತಾ ಒಳಗೆ ಕರೆದಳು.

"ಓಣಿಗೆಲ್ಲಾ ಹೇಳ್ಕೋತ ಹೊಂಟಾರ್ರಿ, ಎರಡ ತಾಸು ನನ್ನ ತೊಡಿ ಮ್ಯಾಲ ಮಕ್ಕೊಂಡಿತ್ತು ಅಂತ. ನಮ್ಮ ಮೂರು ಮಕ್ಕಳ್ದಾಗ ಒಂದೂ ಅವ್ರ ತೊಡಿ ಮ್ಯಾಲ ಮಕ್ಕೊಂಡಿದ್ದಿಲ್ಲ. ಯಾವಾಗ ನೋಡಿದ್ರೂ ಡಬಲ್ ಪಾಳಿ. ಇವ್ರು ಬರೂದ್ರಾಗ ಮಕ್ಕಳು ಮಲಗಿರ್ತಿದ್ವು, ಅವು ಏಳೂದ್ರಾಗ ಇವ್ರು ಹೋಗಿರ್ತಿದ್ರು."

ಆ ಮೂವರನ್ನು ಸಾಕಲು ದುಡಿದ ಮನುಷ್ಯನಿಗೆ ಆ ಮೂವರನ್ನು ಎತ್ತಿಕೊಳ್ಳಲು ಸಮಯ ಸಿಕ್ಕಿರಲಿಲ್ಲ. ನಾನು ಆಯಾ ಸಿಗುವುದಿಲ್ಲವೆಂದು ಊರೆಲ್ಲ ಹುಡುಕುವಾಗ, ಒಂದು ಕೂಸಿಗಾಗಿ ಕಾಯುತ್ತಿದ್ದ ತೊಡೆ ಹಿಂದಿನ ಗಲ್ಲಿಯಲ್ಲೇ ಇತ್ತು. ಧೋತರ ಉಟ್ಟಿದೆ ಎಂಬ ಒಂದೇ ಕಾರಣಕ್ಕೆ ನಮ್ಮ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನಾನು ಮಹಾದೇವಿಯಕ್ಕನಿಗೆ ಹೇಳಿಬಿಟ್ಟೆ. ಬೇವಿನ ಮರದ ಕೆಳಗೆ ಏನಂದೆನೋ ಅದನ್ನು, ಹಾಗೇ.

ಅವಳ ಕೈಯಲ್ಲಿ ಅರ್ಧ ಸುತ್ತಿದ ಎಲೆ ಇತ್ತು. ಕೈ ಅಲ್ಲೇ ನಿಂತಿತು. ಎಲೆಯನ್ನೇ ನೋಡುತ್ತಾ ಅಂದಳು, "ಅವ್ರಿಗಿ ಕೇಳಿರಲಿಕ್ಕಿಲ್ಲ ಬಿಡ್ರಿ."

ಆಮೇಲೆ ಎಲೆ ಸುತ್ತಿ, ದಾರ ಬಿಗಿದು, ಹಲ್ಲಿನಿಂದ ಕಡಿದಳು.

"ನನಗ ಕೇಳಿಸ್ತು ಈಗ."

ನನಗೆ ಅಳು ಬಂತು. ಅವಳು ಸಮಾಧಾನ ಮಾಡಲಿಲ್ಲ, ಎದ್ದು ಹೋಗು ಅನ್ನಲೂ ಇಲ್ಲ. ಒಂದು ಲೋಟ ನೀರು ತಂದು ಮುಂದಿಟ್ಟಳು. "ಅವ್ರಿಗಿ ಹೇಳಬ್ಯಾಡ್ರಿ. ಹೊಸದಾಗಿ ನಗಾಕತ್ತಾರ" ಅಂದಳು.

ಮರುದಿನ ಸಿದ್ರಾಮಪ್ಪ ಬರುತ್ತಾರೋ ಇಲ್ಲವೋ ಎಂದು ಬಾಗಿಲಲ್ಲೇ ನಿಂತಿದ್ದೆ. ದಿನಕ್ಕಿಂತ ಹತ್ತು ನಿಮಿಷ ಮೊದಲೇ ಬಂದರು. ಪಿಲ್ಲು ಎರಡೂ ಕೈ ಚಾಚಿದಳು. ಪಗಾರ ಹೆಚ್ಚು ಮಾಡಿದ್ದೇವೆ ಎಂದು ಕಿವಿಯ ಹತ್ತಿರ ಹೇಳಿದೆ. (ಯಜಮಾನರೂ ಒಪ್ಪಿದ್ದರು. ಹೊಸ ಸ್ಕೂಟರ್ ಇನ್ನೊಂದು ವರ್ಷ ಕಾಯುತ್ತದೆ.) "ಆತ್ರಿ" ಅಂದರು. ಕೂಸನ್ನು ಎತ್ತಿಕೊಂಡು ಎರಡು ಹೆಜ್ಜೆ ಹೋದವರು ತಿರುಗಿ ನಿಂತರು.

"ಅಕ್ಕೋರ, ನಿನ್ನಿ ಮರದ ಕೆಳಗ ಏನೋ ಕೇಳಿದ್ರಲ್ಲಾ, ಏನ್ರಿ ಅದು?"

"ಊಟಾ ಆತೇನು ಅಂತ ಕೇಳಿದ್ನಿ, ಕಾಕಾ" ಅಂದೆ. ಗಾಬರಿಯಲ್ಲಿ ಕೂಗಿ ಹೇಳುವುದನ್ನೇ ಮರೆತಿದ್ದೆ. ಮೆಲ್ಲಗೆ, ನನಗೇ ಕೇಳಿಸದಷ್ಟು ಮೆಲ್ಲಗೆ ಹೇಳಿದ್ದೆ.

ಸಿದ್ರಾಮಪ್ಪ ನಕ್ಕರು. "ಆಗಿತ್ರಿ, ಆಗಿತ್ತು" ಎಂದು ಪಿಲ್ಲುವಿನ ಕೆನ್ನೆ ಒರೆಸುತ್ತಾ ಒಳಗೆ ಹೋದರು.

ಕೂಸು ನೋಡಿಕೊಳ್ಳುವುದಕ್ಕೆ ಪಗಾರ ಮಾತಾಡಿಕೊಂಡಿದ್ದೆವು, ಕೇಳಿಸಿದ್ದನ್ನೂ ಕೇಳಿಸದಂತೆ ಇದ್ದುಬಿಟ್ಟದ್ದಕ್ಕೆ ಎಷ್ಟು ಕೊಡಬೇಕು ಹೇಳಿ?